ಹೆಡ್ ಬಿಚ್ಚುವ ಮುನ್ನ



ಭರತ ಹುಣ್ಣಿಮೆ ಹತ್ತಿರ ಬಂದಂತೆ ನಮ್ಮ ಕಡೆಯ ತಗಡಿನ ಶೆಡ್ಡುಗಳಲ್ಲಿ ವರ್ಷವಿಡೀ ಮಲಗಿದ್ದ ಹಳೆಯ ಗಾಡಿಗಳ ಹೊದಿಕೆ ಸರಿಯುತ್ತದೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಕಾರಣಿಕ, ಅದರ ಬೆನ್ನಿಗೇ ಕೊಟ್ಟೂರಿನಲ್ಲಿ ಗುರುಬಸವೇಶ್ವರ ಸ್ವಾಮಿಯ ತೇರು, ಆಮೇಲೆ ಮದುವೆಯ ದಿನಗಳು. ಅಪ್ಪನ ಕಾಲದ ಅಂಬಾಸಿಡರನ್ನೋ ಅಜ್ಜ ಕೊಂಡಿದ್ದ ಜೀಪನ್ನೋ ಒಮ್ಮೆಯಾದರೂ ಬೀದಿಗೆ ತರಬೇಕೆಂಬ ಆಸೆ ಮನೆಯವರಿಗೆ. ಬ್ಯಾಟರಿ ತಂದು ಹಾಕುತ್ತಾರೆ, ಹೊಸ ಪೆಟ್ರೋಲ್ ಹೊಯ್ಯುತ್ತಾರೆ, ಗಾಡಿ ಕೆಮ್ಮಿ ಶುರುವಾಗುತ್ತದೆ. ಆದರೆ ನಿಂತಲ್ಲೇ ಮೈಯೆಲ್ಲ ನಡುಗುತ್ತದೆ, ಸೈಲೆನ್ಸರಿನಲ್ಲಿ ತಾಳ ತಪ್ಪುತ್ತದೆ, ಸಣ್ಣ ಏರು ಬಂದರೂ ಎರಡನೇ ಗೇರು ಬೇಡುತ್ತದೆ. ನೋಡಿದವರ ಬಾಯಲ್ಲಿ ಬರುವ ಮಾತು ಒಂದೇ: ‘ಕಂಪ್ರೆಷನ್ ಹೋಗೈತಿ, ಇಂಜಿನ್ ಇಳಿಸ್ರಿ.’

ಆ ಮಾತು ಕೆಲವೊಮ್ಮೆ ನಿಜವಿರುತ್ತದೆ. ಆದರೆ ಅಳೆದು ನೋಡದೆ ಆಡಿದ್ದಾದರೆ ಅದನ್ನು ನಂಬಿ ಒಂದು ನಟ್ಟನ್ನೂ ಸಡಿಲಿಸಬೇಡಿ ಎಂದು ಹೇಳಲಿಕ್ಕೇ ನಾನು ಈ ಹೊತ್ತು ನಿಮ್ಮ ಮುಂದೆ ಇದ್ದೇನೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ತಾಲ್ಲೂಕುಗಳಲ್ಲಿ ಹಳೆಯ ಇಂಜಿನ್ನುಗಳು ಸವೆದು ಸತ್ತದ್ದಕ್ಕಿಂತ ಅವಸರದಲ್ಲಿ ಬಿಚ್ಚಿ ಕೆಟ್ಟದ್ದು ಹೆಚ್ಚು ಎಂಬುದು ನನ್ನ ತಿಳಿವಳಿಕೆ. ಅರವತ್ತು ವರ್ಷದ ಹೆಡ್ ಬೋಲ್ಟು ಬಿಚ್ಚುವಾಗ ಮುರಿದರೆ, ಅದನ್ನು ಕೊರೆದು ತೆಗೆಯುವಾಗ ಬ್ಲಾಕಿಗೆ ಪೆಟ್ಟಾದರೆ, ಗಾಡಿ ಮತ್ತೆ ಶೆಡ್ಡಿನಿಂದ ಹೊರಬರುವುದಿಲ್ಲ. ಸ್ಪಾರ್ಕ್ ಪ್ಲಗ್ಗಿನ ಒಂದು ವೈರು ಬದಲಿಸಿದ್ದರೆ ಸಾಕಿತ್ತು ಎಂಬುದು ಆಮೇಲೆ ಗೊತ್ತಾಗಿ ಏನು ಪ್ರಯೋಜನ?

ನಮ್ಮಲ್ಲಿ ಉಳಿದಿರುವ ಗಾಡಿಗಳು ಹೆಚ್ಚಾಗಿ ಮೂರು ಜಾತಿಯವು. ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ಹಿಂದೂಸ್ತಾನ್ ಮೋಟಾರ್ಸ್ 1950ರ ದಶಕದ ಕೊನೆಯಿಂದ 2014ರ ಮೇ ತನಕ ತಯಾರಿಸಿದ ಅಂಬಾಸಿಡರ್ ಮೊದಲನೆಯದು. ದಶಕಗಳ ಕಾಲ ಅದರ ಎದೆಯೊಳಗಿದ್ದದ್ದು ಇಂಗ್ಲೆಂಡಿನ ಬಿಎಂಸಿ ಕಂಪನಿಯ ಬಿ-ಸೀರೀಸ್ ಎಂಬ 1489 ಸಿಸಿಯ ನಾಲ್ಕು ಸಿಲಿಂಡರ್ ಇಂಜಿನ್. ಎರಡನೆಯದು ಮುಂಬೈಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದ ಫಿಯೆಟ್, ಆಮೇಲೆ ಪದ್ಮಿನಿ ಎಂಬ ಹೆಸರು ಪಡೆದ 1089 ಸಿಸಿಯ ಗಾಡಿ. ಮೂರನೆಯದು ಮಹೀಂದ್ರದ ಪೆಟ್ರೋಲ್ ಜೀಪು. ಈ ಮೂರರಲ್ಲೂ ಉರಿಯುವ ಸರದಿ 1, 3, 4, 2. ಈ ನಾಲ್ಕು ಅಂಕಿಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಕಂಪ್ರೆಷನ್ ಅಂದರೆ ಏನು? ಅಂಬಾಸಿಡರಿನ ಒಂದು ಸಿಲಿಂಡರಿನಲ್ಲಿ ಪಿಸ್ಟನ್ ಕೆಳಗಿದ್ದಾಗ ಒಟ್ಟು ಜಾಗ ಸುಮಾರು 430 ಸಿಸಿ. ಪಿಸ್ಟನ್ ಮೇಲೆ ಬಂದಾಗ ಉಳಿಯುವುದು ಸುಮಾರು 60 ಸಿಸಿ. ಅಷ್ಟು ಗಾಳಿ ಮತ್ತು ಪೆಟ್ರೋಲಿನ ಆವಿ ಏಳು ಪಟ್ಟು ಹಿಂಡಿಕೊಂಡು ಬಿಸಿಯಾಗಿ, ಕಿಡಿ ತಾಗಿದ ಕ್ಷಣ ಉರಿದು ಪಿಸ್ಟನನ್ನು ಕೆಳಗೆ ತಳ್ಳಬೇಕು. ಹಿಂಡುವ ಹೊತ್ತಿನಲ್ಲಿ ಆ ಗಾಳಿ ತಪ್ಪಿಸಿಕೊಳ್ಳಲು ದಾರಿಗಳು ಮೂರೇ. ಪಿಸ್ಟನ್ ರಿಂಗಿನ ಸಂದಿಯಿಂದ ಕೆಳಗೆ, ವಾಲ್ವಿನ ಅಂಚಿನಿಂದ ಮೇಲೆ, ಹೆಡ್ ಗ್ಯಾಸ್ಕೆಟ್ಟಿನ ಮೂಲಕ ಪಕ್ಕಕ್ಕೆ. ಯಾವ ದಾರಿ ಎಂದು ಹೊರಗಿನಿಂದಲೇ ಗುರುತಿಸಬಹುದು. ಅದಕ್ಕೆ ಬೇಕಾದ ಸಲಕರಣೆಗಳ ಒಟ್ಟು ಬೆಲೆ ಒಮ್ಮೆ ಇಂಜಿನ್ ಇಳಿಸುವ ಕೂಲಿಗಿಂತ ಕಡಿಮೆ.

ಮೊದಲನೆಯ ಪರೀಕ್ಷೆಗೆ ಸಲಕರಣೆಯೂ ಬೇಡ. ಬಾವಿಯ ಮೇಲೆ ಆಯಿಲ್ ಇಂಜಿನ್ ಓಡಿಸಿದ ಹಿರಿಯ ರೈತರಿಗೆ ಇದು ಹೊಸದಲ್ಲ. ಹ್ಯಾಂಡಲ್ ತಿರುಗಿಸುವಾಗ ಒಂದು ಕಡೆ ಕೈಗೆ ಗಟ್ಟಿ ತಡೆ ಸಿಗದಿದ್ದರೆ ಇಂಜಿನ್ನು ನೀರು ಎತ್ತುವುದಿಲ್ಲ ಎಂದು ಅವರ ತೋಳೇ ಹೇಳುತ್ತಿತ್ತು. ಹಳೆಯ ಅಂಬಾಸಿಡರಿಗೂ ಜೀಪಿಗೂ ಮುಂದಿನಿಂದ ಹ್ಯಾಂಡಲ್ ಹಾಕುವ ಕಿಂಡಿ ಇದೆ. ಕೀಲಿ ತೆಗೆಯಿರಿ, ಗೇರು ನ್ಯೂಟ್ರಲ್‌ನಲ್ಲಿರಲಿ, ಕೈ ಬ್ರೇಕ್ ಎಳೆದಿರಲಿ. ಹೆಬ್ಬೆರಳನ್ನು ಹ್ಯಾಂಡಲ್ ಸುತ್ತಿ ಹಿಡಿಯಬೇಡಿ, ಉಳಿದ ಬೆರಳುಗಳ ಜೊತೆಗೇ ಒಂದೇ ಬದಿಗೆ ಇಡಿ. ಹಿಂದಕ್ಕೆ ಒದ್ದರೆ ಹೆಬ್ಬೆರಳು ಮುರಿಯುತ್ತದೆ. ನಿಧಾನವಾಗಿ ಎರಡು ಪೂರ್ತಿ ಸುತ್ತು ತಿರುಗಿಸಿ. ನಾಲ್ಕು ಸಲ ತಡೆ ಸಿಗಬೇಕು, ನಾಲ್ಕೂ ಸಮ ಇರಬೇಕು. ಒಂದು ಕಡೆ ಕೈ ಸರ್ರನೆ ಜಾರಿದರೆ ಅಲ್ಲೊಂದು ಸಿಲಿಂಡರ್ ಸೋರುತ್ತಿದೆ. ತಡೆ ಸಿಕ್ಕಲ್ಲಿ ಹಾಗೇ ಒತ್ತಿ ಹಿಡಿದು ಕಿವಿಗೊಟ್ಟರೆ ಸುಯ್ ಎಂಬ ಸದ್ದು ಎಲ್ಲಿಂದ ಬರುತ್ತಿದೆ ಎಂಬುದೂ ಒಮ್ಮೊಮ್ಮೆ ಗೊತ್ತಾಗುತ್ತದೆ. ಈ ಕೆಲಸವನ್ನು ಬೆಳಗಿನ ಜಾವ, ಊರು ಏಳುವ ಮುಂಚೆ ಮಾಡುವುದು ಒಳ್ಳೆಯದು.

ಎರಡನೆಯದು ಕಂಪ್ರೆಷನ್ ಗೇಜ್. ಇದನ್ನು ಬಳಸುವ ಕ್ರಮವನ್ನು ಸ್ವಲ್ಪ ನಿಂತು ಹೇಳುತ್ತೇನೆ, ಯಾಕೆಂದರೆ ಕ್ರಮ ತಪ್ಪಿ ಅಳೆದ ಅಂಕಿ ಅಳೆಯದಿರುವುದಕ್ಕಿಂತ ಕೆಟ್ಟದ್ದು. ಇಂಜಿನ್ ಓಡಿಸಿ ಬಿಸಿ ಮಾಡಿ. ನಾಲ್ಕೂ ಪ್ಲಗ್ ತೆಗೆಯಿರಿ, ಒಂದನ್ನೇ ತೆಗೆದು ಅಳೆಯಬೇಡಿ. ಕಾಯಿಲಿನ ವೈರು ಕಳಚಿ. ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿಯಲು ಒಬ್ಬರನ್ನು ಕೂರಿಸಿ. ಥ್ರಾಟಲ್ ಮುಚ್ಚಿದ್ದರೆ ಸಿಲಿಂಡರಿಗೆ ಗಾಳಿಯೇ ಹೋಗುವುದಿಲ್ಲ, ಒಳ್ಳೆಯ ಇಂಜಿನ್ ಕೂಡ ಸತ್ತಂತೆ ತೋರುತ್ತದೆ. ಬ್ಯಾಟರಿ ತುಂಬಿರಬೇಕು. ಪ್ರತಿ ಸಿಲಿಂಡರಿಗೂ ಐದಾರು ಸಲ ಒತ್ತುವಷ್ಟು ಸ್ಟಾರ್ಟರ್ ತಿರುಗಿಸಿ, ಬಂದ ಅಂಕಿಯನ್ನು ಬರೆದಿಡಿ. ಆ ಕಾಲದ ಇಂಜಿನ್ನುಗಳು ಆರೋಗ್ಯವಾಗಿದ್ದಾಗ ಸಾಮಾನ್ಯವಾಗಿ 110ರಿಂದ 150 ಪಿಎಸ್‌ಐ ನಡುವೆ ತೋರುತ್ತವೆ. ಗೇಜಿನಲ್ಲಿ ಕೆಜಿ ಅಳತೆ ಇದ್ದರೆ 100 ಪಿಎಸ್‌ಐ ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 7 ಕೆಜಿ ಎಂದು ಹಿಡಿಯಿರಿ.

ಇಲ್ಲಿ ನಮ್ಮ ಸೀಮೆಯವರು ತಿಳಿಯಲೇಬೇಕಾದ ಒಂದು ಸಂಗತಿ ಇದೆ. ಕಂಪನಿಯ ಪುಸ್ತಕದಲ್ಲಿರುವ ಅಂಕಿ ಸಮುದ್ರಮಟ್ಟದ ಗಾಳಿಯನ್ನು ಲೆಕ್ಕ ಹಿಡಿದದ್ದು. ನಮ್ಮ ಊರುಗಳು ಇರುವುದು ಸುಮಾರು 500ರಿಂದ 650 ಮೀಟರ್ ಎತ್ತರದಲ್ಲಿ. ಇಲ್ಲಿನ ಗಾಳಿಯ ಒತ್ತಡವೇ ಶೇ 6ರಿಂದ 7ರಷ್ಟು ಕಡಿಮೆ. ಪುಸ್ತಕ 130 ಎಂದರೆ ಹರಪನಹಳ್ಳಿಯಲ್ಲಿ 121 ಬಂದರೂ ಅದು ಪೂರ್ಣ ಆರೋಗ್ಯವೇ. ಈ ಲೆಕ್ಕ ತಿಳಿಯದೆ, ಸಮ ಇದ್ದ ನಾಲ್ಕು ಅಂಕಿಗಳನ್ನು ನೋಡಿ ‘ಎಲ್ಲಾ ಹತ್ತತ್ತು ಕಡಿಮೆ ಅದಾವು’ ಎಂದು ಬೋರಿಂಗಿಗೆ ಕಳಿಸಿದರೆ ಅದು ಅನ್ಯಾಯ. ಅಂಕಿ ಎಷ್ಟು ಎನ್ನುವುದಕ್ಕಿಂತ ನಾಲ್ಕರ ನಡುವೆ ವ್ಯತ್ಯಾಸ ಎಷ್ಟು ಎನ್ನುವುದು ಮುಖ್ಯ. ಅತಿ ಹೆಚ್ಚಿನದಕ್ಕೂ ಅತಿ ಕಡಿಮೆಯದಕ್ಕೂ ನಡುವೆ ಶೇ 10ರಿಂದ 15ರಷ್ಟು ಅಂತರ ಇದ್ದರೆ ಹಳೆಯ ಇಂಜಿನ್ನಿಗೆ ಅದು ಸಹಜ.

ಅಂಕಿಗಳನ್ನು ಓದುವುದು ಹೇಗೆ? ಉದಾಹರಣೆಗೆ 125, 60, 65, 120 ಎಂದು ಬಂತೆಂದು ಇಟ್ಟುಕೊಳ್ಳಿ. ಎರಡನೆಯದೂ ಮೂರನೆಯದೂ ಅಕ್ಕಪಕ್ಕದವು, ಎರಡೂ ಒಟ್ಟಿಗೆ ಬಿದ್ದಿವೆ. ಅವುಗಳ ನಡುವಿನ ಕಿರಿದಾದ ಗೋಡೆಯ ಮೇಲೆ ಗ್ಯಾಸ್ಕೆಟ್ ಸುಟ್ಟು, ಒಂದರ ಗಾಳಿ ಇನ್ನೊಂದಕ್ಕೆ ಹೋಗುತ್ತಿದೆ ಎಂದು ಬಹುಮಟ್ಟಿಗೆ ಹೇಳಬಹುದು. ಅಂಬಾಸಿಡರಿನಲ್ಲಿ ಇದಕ್ಕೆ ಒಳಗಣ ಕಾರಣವೂ ಇದೆ. ಆ ಹೆಡ್ಡಿನಲ್ಲಿ ಎರಡನೆಯ ಮತ್ತು ಮೂರನೆಯ ಸಿಲಿಂಡರುಗಳ ಎಕ್ಸಾಸ್ಟ್ ವಾಲ್ವುಗಳು ಪಕ್ಕಪಕ್ಕದಲ್ಲೇ ಕೂತಿವೆ, ಎರಡರ ಹೊಗೆಯೂ ಒಂದೇ ಕಿಂಡಿಯಿಂದ ಹೊರಹೋಗುತ್ತದೆ. ಹೆಡ್ಡಿನ ಅತಿ ಬಿಸಿ ಜಾಗ ಅದೇ.

ಒಂದೇ ಸಿಲಿಂಡರ್ ಬಿದ್ದಿದ್ದರೆ ಪ್ಲಗ್ಗಿನ ತೂತಿನಿಂದ ಒಂದು ಸಣ್ಣ ಚಮಚದಷ್ಟು ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. 70 ಇದ್ದದ್ದು 110ಕ್ಕೆ ಏರಿದರೆ ಆಯಿಲ್ ರಿಂಗಿನ ಸಂದಿಯನ್ನು ಆ ಹೊತ್ತಿಗೆ ಮುಚ್ಚಿತು ಎಂದರ್ಥ; ಸವೆದದ್ದು ರಿಂಗೋ ಬೋರೋ. ಅಂಕಿ ಅಲುಗದಿದ್ದರೆ ಸೋರಿಕೆ ಮೇಲಿದೆ, ಹೆಚ್ಚಾಗಿ ವಾಲ್ವಿನಲ್ಲಿ. ಚಮಚಕ್ಕಿಂತ ಹೆಚ್ಚು ಹೊಯ್ದರೆ ಆಯಿಲೇ ಜಾಗ ತುಂಬಿ ಸುಳ್ಳು ಅಂಕಿ ತೋರಿಸುತ್ತದೆ. ನಾಲ್ಕೂ ಸಮವಾಗಿ ತೀರಾ ಕಡಿಮೆ ಇದ್ದರೆ ಮೊದಲು ಗೇಜನ್ನೇ ಅನುಮಾನಿಸಿ, ಆಮೇಲೆ ಥ್ರಾಟಲನ್ನು, ಆಮೇಲೆ ಟೈಮಿಂಗ್ ಚೈನ್ ಹಲ್ಲು ಹಾರಿದೆಯೇ ಎಂಬುದನ್ನು, ಕೊನೆಗೆ ಸವೆತವನ್ನು.

ಪಂಕ್ಚರ್ ಅಂಗಡಿಯ ಕಂಪ್ರೆಸರ್ ಹತ್ತಿರದಲ್ಲಿದ್ದರೆ ಇನ್ನೂ ಸ್ಪಷ್ಟವಾದ ಪರೀಕ್ಷೆ ಸಾಧ್ಯ. ಎರಡೂ ವಾಲ್ವು ಮುಚ್ಚಿ ಪಿಸ್ಟನ್ ತುದಿಗೆ ಬಂದ ಸ್ಥಿತಿಯಲ್ಲಿ ಗಾಡಿಯನ್ನು ಟಾಪ್ ಗೇರಿನಲ್ಲಿ ಬ್ರೇಕ್ ಹಾಕಿ ನಿಲ್ಲಿಸಿ, ಪ್ಲಗ್ಗಿನ ತೂತಿಗೆ ಪೈಪು ಜೋಡಿಸಿ ಗಾಳಿ ಬಿಡಿ. ಕಾರ್ಬುರೇಟರಿನಲ್ಲಿ ಸದ್ದು ಬಂದರೆ ಇನ್‌ಲೆಟ್ ವಾಲ್ವು. ಸೈಲೆನ್ಸರಿನ ತುದಿಯಲ್ಲಿ ಬಂದರೆ ಎಕ್ಸಾಸ್ಟ್ ವಾಲ್ವು. ಆಯಿಲ್ ಹೊಯ್ಯುವ ಬಾಯಲ್ಲಿ ಬಂದರೆ ರಿಂಗು. ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್ಟು. ಕತ್ತರಿಸಿ ನೋಡುವ ಮುಂಚೆ ಇಷ್ಟು ತಿಳಿಯುವುದು ನಮ್ಮ ಕೈಯಲ್ಲೇ ಇದೆ.

ಈಗ ವಾಲ್ವಿನ ವಿಷಯ. ನಮ್ಮ ಹಳೆಯ ಗಾಡಿಗಳಲ್ಲಿ ಒಂದು ಸಿಲಿಂಡರ್ ಸದ್ದಿಲ್ಲದೆ ಸಾಯುವುದು ಹೆಚ್ಚಾಗಿ ಇಲ್ಲೇ, ಅದಕ್ಕೇ ಇಲ್ಲಿ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಈ ಇಂಜಿನ್ನುಗಳನ್ನು ರೂಪಿಸಿದ ಕಾಲದಲ್ಲಿ ಪೆಟ್ರೋಲಿನಲ್ಲಿ ಸೀಸ ಇರುತ್ತಿತ್ತು. ಉರಿದ ಸೀಸದ ತೆಳು ಲೇಪ ಎಕ್ಸಾಸ್ಟ್ ವಾಲ್ವು ಕೂರುವ ಪೀಠವನ್ನು ಕಾಯುತ್ತಿತ್ತು. 2000ದ ಫೆಬ್ರವರಿಯಿಂದ ದೇಶದಾದ್ಯಂತ ಸೀಸವಿಲ್ಲದ ಪೆಟ್ರೋಲ್ ಬಂತು. ಮಕ್ಕಳ ಆರೋಗ್ಯದ ದೃಷ್ಟಿಯಿಂದ ಅದು ತಡವಾಗಿ ಬಂದ ಒಳ್ಳೆಯ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಳೆಯ ಬೀಡು ಕಬ್ಬಿಣದ ಹೆಡ್ಡಿನಲ್ಲಿ, ದೂರದ ಓಟ, ಭಾರ, ಬಿಸಿಲು ಸೇರಿದಾಗ ವಾಲ್ವು ತನ್ನ ಪೀಠವನ್ನು ತಾನೇ ತಿಂದುಕೊಂಡು ನಿಧಾನವಾಗಿ ಒಳಗೆ ಇಳಿಯುತ್ತದೆ. ಒಳಗೆ ಇಳಿದಂತೆ ಅದರ ಕಡ್ಡಿ ಮೇಲಕ್ಕೆ ಬರುತ್ತದೆ, ಟ್ಯಾಪೆಟ್ ಅಂತರ ಕಿರಿದಾಗುತ್ತ ಹೋಗಿ ಕೊನೆಗೆ ಇಲ್ಲವಾಗುತ್ತದೆ. ಆಗ ವಾಲ್ವು ಪೂರ್ತಿ ಮುಚ್ಚುವುದೇ ಇಲ್ಲ. ಮುಚ್ಚದ ಸಂದಿಯಿಂದ ಬೆಂಕಿ ಹಾಯುತ್ತದೆ, ವಾಲ್ವಿನ ಅಂಚು ಸುಟ್ಟು ಚೂರು ಹಾರುತ್ತದೆ.

ಇದರಲ್ಲಿ ಮೋಸ ಎಲ್ಲಿದೆ ಎಂದರೆ, ಅಂತರ ಹೆಚ್ಚಾದ ಟ್ಯಾಪೆಟ್ ಟಕಟಕ ಎಂದು ಬಡಿದು ಎಚ್ಚರಿಸುತ್ತದೆ, ಅಂತರ ಹೋದ ಟ್ಯಾಪೆಟ್ ಮೌನವಾಗಿರುತ್ತದೆ. ‘ನಮ್ಮ ಗಾಡಿ ಭಾಳ ಸೈಲೆಂಟ್ ಆಗೈತಿ’ ಎಂದು ಯಾರಾದರೂ ಸಂತೋಷದಿಂದ ಹೇಳಿದರೆ ಮೊದಲು ಫೀಲರ್ ಗೇಜ್ ತೆಗೆಯಿರಿ. ಅಂಬಾಸಿಡರಿನಲ್ಲಿ ಎಂಟು ವಾಲ್ವುಗಳು ಸಾಲಾಗಿವೆ. ಮುಂದಿನಿಂದ ಎಣಿಸಿದರೆ 1, 4, 5, 8 ಎಕ್ಸಾಸ್ಟ್. 2, 3, 6, 7 ಇನ್‌ಲೆಟ್. ಹೊಂದಿಸುವಾಗ ಒಂಬತ್ತರ ಲೆಕ್ಕ ಹಿಡಿಯಿರಿ. ಎಂಟನೆಯದು ಪೂರ್ತಿ ತೆರೆದಾಗ ಒಂದನೆಯದನ್ನು ಹೊಂದಿಸಿ, ಏಳನೆಯದು ತೆರೆದಾಗ ಎರಡನೆಯದನ್ನು, ಆರನೆಯದು ತೆರೆದಾಗ ಮೂರನೆಯದನ್ನು. ಯಾವಾಗಲೂ ಎರಡರ ಮೊತ್ತ ಒಂಬತ್ತು. ಅಂತರ ಎಷ್ಟು, ಬಿಸಿಯಲ್ಲೋ ತಣ್ಣಗಿದ್ದಾಗಲೋ ಎಂಬುದನ್ನು ನಿಮ್ಮ ಗಾಡಿಯ ಪುಸ್ತಕದಿಂದಲೇ ತೆಗೆದುಕೊಳ್ಳಿ. ಹೊಂದಿಸಿದ ಮೇಲೆ ಮತ್ತೆ ಕಂಪ್ರೆಷನ್ ಅಳೆಯಿರಿ. ಅಂಚು ಇನ್ನೂ ಸುಡದ ವಾಲ್ವಾದರೆ ಬಿದ್ದ ಅಂಕಿ ಅಲ್ಲೇ ಎದ್ದು ನಿಲ್ಲುತ್ತದೆ. ಆಗ ಹೆಡ್ ಮುಟ್ಟುವ ಕೆಲಸವೇ ಇಲ್ಲ.

ಸುಟ್ಟ ಎಕ್ಸಾಸ್ಟ್ ವಾಲ್ವನ್ನು ಪತ್ತೆ ಮಾಡುವ ಹಳೆಯ ಉಪಾಯ ಒಂದಿದೆ. ಇಂಜಿನ್ ಐಡ್ಲಿಂಗ್‌ನಲ್ಲಿದ್ದಾಗ ಸೈಲೆನ್ಸರಿನ ಬಾಯಿಗೆ ಒಂದು ತುಂಡು ಪತ್ರಿಕೆಯ ಕಾಗದ ಹಿಡಿಯಿರಿ. ಆರೋಗ್ಯವಾದ ಇಂಜಿನ್ ಅದನ್ನು ಒಂದೇ ಸಮನೆ ಹೊರಗೆ ತಳ್ಳುತ್ತದೆ. ನಡುನಡುವೆ ಕಾಗದವನ್ನು ಒಳಕ್ಕೆ ಹೀರಿಕೊಂಡರೆ ಒಂದು ವಾಲ್ವು ಬಾಯಿ ಬಿಟ್ಟಿದೆ.

ರಿಂಗು, ಬೋರುಗಳ ಸವೆತಕ್ಕೆ ಬರೋಣ. ಬೇರೆ ಊರಿನವರು ಬರೆದ ಪುಸ್ತಕಗಳು ಇದನ್ನು ವಯಸ್ಸಿನ ಲೆಕ್ಕದಲ್ಲಿ, ಕಿಲೋಮೀಟರಿನ ಲೆಕ್ಕದಲ್ಲಿ ಹೇಳುತ್ತವೆ. ನಮ್ಮಲ್ಲಿ ಧೂಳಿನ ಲೆಕ್ಕ ಹೇಳಬೇಕು. ಒಂದು ಲೀಟರ್ ಪೆಟ್ರೋಲ್ ಉರಿಯಲು ಸುಮಾರು 9,000 ಲೀಟರ್ ಗಾಳಿ ಬೇಕು. ಕೂಡ್ಲಿಗಿ ಕಡೆಯ ಕೆಂಪು ಮಸಾರಿ ನೆಲ ಗ್ರಾನೈಟಿನ ಬಂಡೆ ಕರಗಿ ಆದದ್ದು. ಅದರ ಧೂಳಿನಲ್ಲಿ ಬೆಣಚುಕಲ್ಲಿನ ಕಣ ಇರುತ್ತದೆ, ಅದು ಬೀಡು ಕಬ್ಬಿಣಕ್ಕಿಂತ ಗಟ್ಟಿ. ಸಂಡೂರು, ಹೊಸಪೇಟೆಯ ದಾರಿಯಲ್ಲಿ ಅದಿರಿನ ಲಾರಿಗಳು ಎಬ್ಬಿಸುವ ಕೆಂಧೂಳಿ ಬೇರೆ. ಏರ್ ಕ್ಲೀನರಿನಲ್ಲಿ ಒಂದು ಬಿರುಕು ಇದ್ದರೆ, ಕಾರ್ಬುರೇಟರಿಗೆ ಸೇರುವ ರಬ್ಬರ್ ಪೈಪು ಹರಿದಿದ್ದರೆ, ಆ ಕಣಗಳು ನೇರ ಸಿಲಿಂಡರಿಗೆ ಇಳಿದು ಮೇಲಿನ ರಿಂಗು ಓಡಾಡುವ ಜಾಗವನ್ನು ಉಜ್ಜುತ್ತವೆ. ಹೊಸ ರಿಂಗು ಹಾಕಿಸಿದ ಗಾಡಿ ಮರುವರ್ಷವೇ ಆಯಿಲ್ ಕುಡಿಯತೊಡಗಿದರೆ ರಿಂಗಿನ ಕಂಪನಿಯನ್ನು ಬೈಯುವ ಮುಂಚೆ ಏರ್ ಕ್ಲೀನರ್ ನೋಡಿ. ಜೀಪಿನಲ್ಲಿ ಆಯಿಲ್ ತುಂಬಿದ ಬಟ್ಟಲಿನ ಏರ್ ಕ್ಲೀನರ್ ಇದೆ. ಗಾಳಿ ಆ ಆಯಿಲಿನ ಮೇಲೆ ತಿರುಗಿ ಹೋಗುವಾಗ ಧೂಳು ಅದರಲ್ಲಿ ಕೂರುತ್ತದೆ. ನಮ್ಮ ದಾರಿಗಳಿಗೆ ಅದಕ್ಕಿಂತ ಒಳ್ಳೆಯ ಏರ್ಪಾಡು ಆ ಕಾಲದಲ್ಲಿ ಬೇರೆ ಇರಲಿಲ್ಲ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಆದರೆ ಗುರುತಿನ ಮಟ್ಟದ ತನಕ ಆಯಿಲ್ ಇರಬೇಕು, ತಳದಲ್ಲಿ ಕೆಸರು ಕಟ್ಟಿದಾಗ ತೊಳೆದು ಬದಲಿಸಬೇಕು. ಮೆಕ್ಕೆಜೋಳದ ಒಕ್ಕಣೆಯ ದಿನಗಳಲ್ಲಿ ಇನ್ನೂ ಬೇಗ ನೋಡಬೇಕು.

ಹೊಗೆಯನ್ನೂ ಗಮನಿಸಿ. ಎಳೆಯುವಾಗ ನೀಲಿ ಹೊಗೆ ಬಂದರೆ ರಿಂಗು. ಸಂಡೂರಿನ ಗುಡ್ಡವನ್ನು ಗೇರಿನಲ್ಲೇ ಇಳಿದು, ಕೆಳಗೆ ಬಂದು ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಒಮ್ಮೆ ನೀಲಿ ಬುಸ್ ಎಂದರೆ ವಾಲ್ವಿನ ಗೈಡು. ಎರಡನೆಯದಕ್ಕೆ ಇಡೀ ಇಂಜಿನ್ ಬೋರಿಂಗಿಗೆ ಹೋಗಬೇಕಿಲ್ಲ.

ಗ್ಯಾಸ್ಕೆಟ್ ಸುಡುವುದಕ್ಕೆ ನಮ್ಮಲ್ಲಿ ದೊಡ್ಡ ಕಾರಣ ನೀರು. ತುಂಗಭದ್ರೆಯ ಹಿನ್ನೀರು ಹಡಗಲಿ, ಹಗರಿಬೊಮ್ಮನಹಳ್ಳಿಗಳ ಒಂದು ಅಂಚನ್ನು ಮುಟ್ಟುತ್ತದೆ. ಉಳಿದ ಕಡೆ ಕೊಳವೆ ಬಾವಿಯ ಗಡಸು ನೀರೇ ರೇಡಿಯೇಟರಿಗೂ ಗತಿ. ಸ್ನಾನದ ಹಂಡೆಯೊಳಗೆ ಕಟ್ಟುವ ಬಿಳಿ ಸುಣ್ಣವೇ ಬ್ಲಾಕಿನೊಳಗಿನ ನೀರಿನ ದಾರಿಯಲ್ಲೂ ಕಟ್ಟುತ್ತದೆ. ಗಸಿ ಹೆಚ್ಚಾಗಿ ಹಿಂದಿನ ನಾಲ್ಕನೆಯ ಸಿಲಿಂಡರಿನ ಸುತ್ತ ಸೇರುತ್ತದೆ. ಬಿಸಿ ಏರಿ ಹೆಡ್ ಕೂದಲೆಳೆಯಷ್ಟು ಸೊಟ್ಟಗಾದರೂ ಗ್ಯಾಸ್ಕೆಟ್ ಹಿಡಿತ ಹೋಗುತ್ತದೆ. ಮಾಳಿಗೆಯ ಮಳೆನೀರನ್ನು ಹಿಡಿದಿಟ್ಟು ಸೋಸಿ, ಕೂಲಂಟ್ ಸೇರಿಸಿ ಹಾಕುವುದು ನಮ್ಮ ಊರಿನವರಿಗೆ ಕಷ್ಟದ ಕೆಲಸವಲ್ಲ.

ಇಷ್ಟು ಹೊತ್ತು ಕಂಪ್ರೆಷನ್ ಬಗ್ಗೆ ಹೇಳಿದೆ. ನಾಲ್ಕೂ ಅಂಕಿ ಸಮ ಬಂದು, ಗಾಡಿ ಮಾತ್ರ ನಡುಗುತ್ತಲೇ ಇದ್ದರೆ? ಆಗ ಇಂಜಿನ್ನಿನ ಒಳಗನ್ನು ಬಿಟ್ಟು ಹೊರಗೆ ಬನ್ನಿ. ನಡುಕ ಯಾವಾಗ ಬರುತ್ತದೆ ಎಂಬುದೇ ಮೊದಲ ಸುಳಿವು. ತೂತು ಬಿದ್ದ ಕೊಡವನ್ನು ಬಾವಿಯಿಂದ ಸರಸರನೆ ಎಳೆದರೆ ನೀರು ಉಳಿಯುತ್ತದೆ, ನಿಧಾನ ಎಳೆದರೆ ಮೇಲೆ ಬರುವಷ್ಟರಲ್ಲಿ ಖಾಲಿ. ಸಿಲಿಂಡರೂ ಹಾಗೆಯೇ. ನಿಮಿಷಕ್ಕೆ 600 ಸುತ್ತಿನಲ್ಲಿ ಪಿಸ್ಟನ್ ಒಮ್ಮೆ ಮೇಲೇರಲು ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಬೇಕು, 3,000 ಸುತ್ತಿನಲ್ಲಿ ನೂರನೇ ಒಂದು ಭಾಗ ಸಾಕು. ಸೋರಲು ಸಿಗುವ ಸಮಯ ಐದನೇ ಒಂದು ಪಾಲು. ಆದ್ದರಿಂದ ನಿಂತಾಗ ನಡುಗಿ, ಓಡುವಾಗ ಸರಿಹೋಗುವ ಗಾಡಿಯಲ್ಲಿ ಎಲ್ಲೋ ಸೋರಿಕೆ ಇದೆ: ಅಂಕಿ ಬಿದ್ದಿದ್ದರೆ ವಾಲ್ವಿನಲ್ಲಿ, ಸಮ ಇದ್ದರೆ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ಟಿನಲ್ಲಿ, ಇಲ್ಲವೇ ಸವೆದ ಕಾರ್ಬುರೇಟರ್ ಸ್ಪಿಂಡಲಿನಲ್ಲಿ. ನಿಂತಾಗ ಚೆನ್ನಾಗಿದ್ದು ಓಟದಲ್ಲಿ, ಏರಿನಲ್ಲಿ ಮಿಸ್ಸಿಂಗ್ ಹೊಡೆದರೆ ಕಿಡಿಯನ್ನೋ ಪೆಟ್ರೋಲಿನ ಹರಿವನ್ನೋ ಹಿಡಿಯಿರಿ.

ಯಾವ ಸಿಲಿಂಡರ್ ದುಡಿಯುತ್ತಿಲ್ಲ ಎಂದು ತಿಳಿಯಲು, ಐಡ್ಲಿಂಗ್‌ನಲ್ಲಿ ರಬ್ಬರ್ ಹಿಡಿಯ ಇಕ್ಕಳದಿಂದ ಪ್ಲಗ್ ವೈರುಗಳನ್ನು ಒಂದೊಂದಾಗಿ ಎಳೆದು ಮತ್ತೆ ಸಿಕ್ಕಿಸಿ. ಎಳೆದಾಗ ಇಂಜಿನ್ ಇನ್ನಷ್ಟು ಕುಸಿದರೆ ಅದು ದುಡಿಯುವ ಸಿಲಿಂಡರ್. ಯಾವ ವ್ಯತ್ಯಾಸವೂ ಆಗದಿದ್ದರೆ ಅದೇ ಕಳ್ಳ. ಅಲ್ಲಿಗೆ ಇನ್ನೊಂದರ ಪ್ಲಗ್ ಹಾಕಿ ನೋಡಿ, ಆಮೇಲೆ ವೈರು, ಆಮೇಲೆ ಡೆಲ್ಕೋದ, ಅಂದರೆ ಡಿಸ್ಟ್ರಿಬ್ಯೂಟರಿನ, ಮುಚ್ಚಳದಲ್ಲಿ ಕೂದಲಿನಂಥ ಕಪ್ಪು ಗೆರೆ ಇದೆಯೇ ಎಂದು. ವೈರುಗಳು 1, 3, 4, 2ರ ಸರದಿಯಲ್ಲಿ ಇವೆಯೇ ಎಂಬುದನ್ನೂ ಇದೇ ಹೊತ್ತಿಗೆ ನೋಡಿ. ಶೆಡ್ಡಿನಲ್ಲಿದ್ದಾಗ ಯಾರೋ ಕಳಚಿ ಎರಡು ವೈರು ಅದಲುಬದಲು ಮಾಡಿದ್ದರೆ, ‘ಎರಡು ಸಿಲಿಂಡರ್ ಕಂಪ್ರೆಷನ್ ಇಲ್ಲ’ ಎಂಬ ಅಪವಾದ ಇಂಜಿನ್ನಿನ ಮೇಲೆ ಬರುತ್ತದೆ. ಪಾಯಿಂಟ್ ಸುಟ್ಟಿದ್ದರೆ ಕಂಡೆನ್ಸರನ್ನೂ ಜೊತೆಗೇ ಬದಲಿಸಿ. ಡೆಲ್ಕೋದ ಶಾಫ್ಟು ಹಿಡಿದು ಅಲುಗಿಸಿ. ಬುಷ್ ಸವೆದು ಆಡುತ್ತಿದ್ದರೆ ಪಾಯಿಂಟಿನ ಅಂತರ ಒಂದೊಂದು ಸಿಲಿಂಡರಿಗೆ ಒಂದೊಂದಾಗುತ್ತದೆ, ಎಷ್ಟು ಹೊಂದಿಸಿದರೂ ನಿಲ್ಲುವುದಿಲ್ಲ.

ಪೆಟ್ರೋಲಿನ ಬಗ್ಗೆ ಈಗ ಒಂದು ಹೊಸ ಎಚ್ಚರಿಕೆ ಬೇಕು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಸಿಕ್ಕ, ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್ ಈಗ ಬಂಕುಗಳಿಗೆಲ್ಲ ಬಂದಿದೆ. ಎಥನಾಲಿನಲ್ಲೇ ಆಮ್ಲಜನಕ ಇರುವುದರಿಂದ ಅದೇ ಜೆಟ್ಟಿನಲ್ಲಿ ಮಿಶ್ರಣ ತೆಳುವಾಗುತ್ತದೆ, ತೆಳು ಮಿಶ್ರಣದ ಇಂಜಿನ್ ತಡವರಿಸುತ್ತದೆ, ವಾಲ್ವು ಹೆಚ್ಚು ಬಿಸಿಯಾಗುತ್ತದೆ. ಹಳೆಯ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಮ್ ಮೆತ್ತಗಾಗಿ ಸೋರುತ್ತವೆ. ಬೆಂಕಿಯ ಭಯದಿಂದಲೇ ಇವನ್ನು ಮೊದಲು ಬದಲಿಸಿ. ಎಥನಾಲ್ ಗಾಳಿಯ ತೇವ ಹೀರುತ್ತದೆ, ಆದ್ದರಿಂದ ತಿಂಗಳುಗಟ್ಟಲೆ ನಿಲ್ಲುವ ಗಾಡಿಯ ಟ್ಯಾಂಕಿನಲ್ಲಿ ಅದನ್ನು ಬಿಡಬೇಡಿ. ಮಿಶ್ರಣವನ್ನು ಸ್ವಲ್ಪ ದಪ್ಪ ಮಾಡಿ ಹೊಂದಿಸುವುದನ್ನು ಕಾರ್ಬುರೇಟರ್ ಬಲ್ಲವರ ಕೈಯಲ್ಲಿ ಮಾಡಿಸಿ. ಇನ್ನು ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಗಾಡಿ ತಡವರಿಸಿ ನಿಂತು, ಸಂಜೆ ತಂಪಾದ ಮೇಲೆ ತಾನೇ ಶುರುವಾದರೆ ಅದು ಪೈಪಿನೊಳಗೆ ಪೆಟ್ರೋಲ್ ಆವಿಯಾಗಿ ತಡೆ ಕಟ್ಟಿದ್ದು. ಪಂಪಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದ ಹಳೆಯ ಚಾಲಕರಿಗೆ ಇದು ಚೆನ್ನಾಗಿ ಗೊತ್ತಿತ್ತು.

ವರ್ಷಗಟ್ಟಲೆ ನಿಂತ ಗಾಡಿಯ ನ್ಯಾಯವೇ ಬೇರೆ. ಅದರಲ್ಲಿ ಮೊದಲ ದಿನ ಅಳೆದ ಅಂಕಿಯನ್ನು ನಂಬಬಾರದು. ರಿಂಗುಗಳು ಹಳೆಯ ಜಿಡ್ಡಿನಲ್ಲಿ ಅಂಟಿ ಹಿಗ್ಗದೆ ಕೂತಿರುತ್ತವೆ, ತೆರೆದ ಸ್ಥಿತಿಯಲ್ಲಿ ನಿಂತ ವಾಲ್ವಿನ ಪೀಠಕ್ಕೆ ತುಕ್ಕು ಹಿಡಿದಿರುತ್ತದೆ. ಸೈಲೆನ್ಸರಿನೊಳಗೆ ಕಣಜದ ಮಣ್ಣಿನ ಗೂಡು, ಏರ್ ಕ್ಲೀನರಿನೊಳಗೆ ಅಳಿಲು ತಂದು ಒಟ್ಟಿದ ನಾರು, ಇವೂ ಇರಬಹುದು. ಪ್ಲಗ್ಗಿನ ತೂತುಗಳಿಂದ ತೆಳು ಆಯಿಲ್ ಬಿಟ್ಟು ಒಂದೆರಡು ದಿನ ನೆನೆಯಲು ಬಿಡಿ. ಆಮೇಲೆ ಹ್ಯಾಂಡಲಿನಿಂದ ಮೆಲ್ಲಗೆ ತಿರುಗಿಸಿ, ಸ್ಟಾರ್ಟರಿನ ಬಲ ಹಾಕಬೇಡಿ. ಶುರುವಾದ ಮೇಲೆ ಹೊಸ ಆಯಿಲ್ ಹಾಕಿ ಕೆಲವು ದಿನ ಹಗುರವಾಗಿ ಓಡಿಸಿ. ಆರಂಭದಲ್ಲಿ 60 ತೋರಿದ ಸಿಲಿಂಡರ್ ರಿಂಗು ಬಿಡಿಸಿಕೊಂಡ ಮೇಲೆ 100 ದಾಟುವುದು ಅಪರೂಪವಲ್ಲ. ಅಲ್ಲಿಯ ತನಕ ತಾಳ್ಮೆ ಬೇಕು.

ಇಷ್ಟೆಲ್ಲ ಆದ ಮೇಲೂ ಅಂಕಿ ಏಳದಿದ್ದರೆ ಬಿಚ್ಚಲೇಬೇಕು. ಆಗ ನಮ್ಮಲ್ಲಿ ಕೇಳಿಬರುವ ಇನ್ನೊಂದು ಸಲಹೆ, ‘ಈ ಇಂಜಿನ್ ಬಿಟ್ಟು ಡೀಸೆಲ್ ಕೂಡಿಸ್ರಿ’ ಎಂಬುದು. ಬಾಡಿಗೆಯ ಕಾಲದಲ್ಲಿ ಹೊಟ್ಟೆಪಾಡಿಗಾಗಿ ಹಾಗೆ ಮಾಡಿದವರನ್ನು ನಾನು ತಪ್ಪೆನ್ನುವುದಿಲ್ಲ. ಇವತ್ತು ಅದನ್ನು ಮಾಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. 2021ರಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ, ಸಂಖ್ಯೆಯಲ್ಲಿ ‘ವಿಎ’ ಎಂಬ ಅಕ್ಷರ ಸೇರುತ್ತದೆ, ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ಆದರೆ ಗಾಡಿ ಮೂಲ ರೂಪದಲ್ಲೇ ಇರಬೇಕು. 1953ರ ಅಕ್ಟೋಬರ್ 1ರ ತನಕ ಮದ್ರಾಸಿಗೆ ಸೇರಿದ್ದು, ಆಮೇಲೆ ಮೈಸೂರಿಗೆ ಬಂದು, ಈಗ ವಿಜಯನಗರ ಜಿಲ್ಲೆಯಾಗಿ ಇಷ್ಟೆಲ್ಲ ಆಡಳಿತ ಕಂಡ ಈ ನೆಲದಲ್ಲಿ ಉಳಿದ ಗಾಡಿಯ ಎದೆ ಅದರದ್ದೇ ಆಗಿರಲಿ.

ಬೋರಿಂಗ್ ಕೆಲಸಕ್ಕೆ ಹೊಸಪೇಟೆಗೋ ದಾವಣಗೆರೆಗೋ ಬ್ಲಾಕು ಒಯ್ಯುವಾಗ ಮೊದಲು ಎಷ್ಟು ಸವೆದಿದೆ ಎಂದು ಡಯಲ್ ಗೇಜಿನಲ್ಲಿ ಅಳೆಸಿ ಬರೆಸಿಕೊಳ್ಳಿ. ಅಂಬಾಸಿಡರಿಗೆ 10, 20, 30, 40 ಥೌ ಓವರ್‌ಸೈಜ್ ಪಿಸ್ಟನ್ ಇವೆ; ಥೌ ಎಂದರೆ ಇಂಚಿನ ಸಾವಿರದ ಒಂದು ಭಾಗ. 20ಕ್ಕೆ ಸ್ವಚ್ಛವಾಗುವ ಬೋರನ್ನು ಅಂಗಡಿಯಲ್ಲಿ 40ರ ಪಿಸ್ಟನ್ ಇದೆ ಎಂಬ ಕಾರಣಕ್ಕೆ 40ಕ್ಕೆ ಕೊರೆಸಬೇಡಿ. ಆ ಎರಡು ಹಂತ ನಿಮ್ಮ ಮಕ್ಕಳ ಪಾಲಿನದು. ಹೊಸ ರಿಂಗುಗಳನ್ನು ಪಿಸ್ಟನ್ನಿಗೆ ಏರಿಸುವ ಮುಂಚೆ ಒಂದೊಂದನ್ನೂ ಬೋರಿನೊಳಗೆ ನೇರವಾಗಿ ತಳ್ಳಿ, ಬಾಯಿಯ ಅಂತರವನ್ನು ಫೀಲರ್ ಗೇಜಿನಿಂದ ನೋಡಿ. ಹೆಡ್ ಬೋಲ್ಟುಗಳನ್ನು ನಡುವಿನಿಂದ ಆರಂಭಿಸಿ ಎರಡೂ ಬದಿಗೆ, ಹಂತ ಹಂತವಾಗಿ, ಟಾರ್ಕ್ ಪಾನಾದಲ್ಲೇ ಬಿಗಿಯಿರಿ.

ಮೊದಲ 500 ಕಿಲೋಮೀಟರ್ ಒಂದೇ ವೇಗದಲ್ಲಿ ಓಡಿಸಬೇಡಿ, ನಿಂತಲ್ಲೇ ಗಂಟೆಗಟ್ಟಲೆ ಐಡ್ಲಿಂಗ್ ಬಿಡಬೇಡಿ. ಸ್ವಲ್ಪ ಭಾರ, ಸ್ವಲ್ಪ ಬಿಡುವು ಇದ್ದರೆ ರಿಂಗು ಬೋರಿಗೆ ಹೊಂದಿಕೊಳ್ಳುತ್ತದೆ. ಅದಾದ ಮೇಲೆ ಆಯಿಲ್ ಬದಲಿಸಿ, ಪುಸ್ತಕ ಹೇಳಿದಂತೆ ಹೆಡ್ ಬೋಲ್ಟು ಇನ್ನೊಮ್ಮೆ ನೋಡಿ. ಬೋಲ್ಟು ಬಿಗಿದಾಗ ಗ್ಯಾಸ್ಕೆಟ್ ಕುಳಿತು ಟ್ಯಾಪೆಟ್ ಅಂತರ ಕಿರಿದಾಗುತ್ತದೆ. ಎಂಟನ್ನೂ ಮತ್ತೆ ಹೊಂದಿಸಿ, ಕಂಪ್ರೆಷನ್ ಅಳೆದು, ನಾಲ್ಕು ಅಂಕಿಗಳನ್ನೂ ದಿನಾಂಕದ ಸಮೇತ ಗಾಡಿಯ ಕಾಗದಗಳ ಜೊತೆ ಬರೆದಿಟ್ಟು, ಆಮೇಲೆ ದೂರದ ದಾರಿಗೆ ಹೊರಡಿ.